ಪರಿಶೀಲನೆಯಲ್ಲಿರುವ ಗರಗಸ

ನನ್ನ ಅಕ್ಷರ ದುಂಡಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ದೆಹಲಿಯ ಒಂದು ಸಚಿವಾಲಯದಲ್ಲಿ ಕೂತು ಕಡತಗಳ ಹಸಿರು ಹಾಳೆಯ ಮೇಲೆ ಟಿಪ್ಪಣಿ ಬರೆದವಳು ನಾನು. ಓದಿದ ಮೇಲಧಿಕಾರಿಗಳು ‘ವಾಹ್, ಏನು ಡ್ರಾಫ್ಟಿಂಗ್’ ಎನ್ನುತ್ತಿದ್ದರೇ ಹೊರತು, ಅದರಿಂದ ಯಾವ ಕೆಲಸವಾಯಿತು ಎಂದು ಒಬ್ಬರೂ ಕೇಳಿದ್ದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ ಒಂದು ಮರ ಕೊಯ್ಯುವ ಮಿಷನ್ನು ಆ ಪ್ರಶ್ನೆಯನ್ನು ನನ್ನೆದುರು ತಂದು ನಿಲ್ಲಿಸಿತು.

ಸರೋಜಿನಿ ನಗರದ ಒಂದು ಕೋಣೆಯ ಕ್ವಾರ್ಟರ್ಸಿನಿಂದ ಶುರುವಾಗಿ, ಆರ್.ಕೆ.ಪುರಂನ ಎರಡು ಕೋಣೆಯ ಕ್ವಾರ್ಟರ್ಸ್ ದಾಟಿ, ಕೊನೆಗೆ ನಮ್ಮದೇ ಎನ್ನುವ ಮನೆಗೆ ನಾವು ಬಂದದ್ದು ಮಯೂರ್ ವಿಹಾರಿನ ಒಂದು ಹೌಸಿಂಗ್ ಸೊಸೈಟಿಗೆ. ಇಲ್ಲಿ ಮನೆ ಮಾಡಿರುವವರಲ್ಲಿ ಮುಕ್ಕಾಲು ಪಾಲು ನಿವೃತ್ತ ಸರಕಾರಿ ಅಧಿಕಾರಿಗಳು. ಅಧಿಕಾರ ಬಿಟ್ಟು ಎಷ್ಟೋ ವರ್ಷಗಳಾದರೂ ಅದರ ಅಭ್ಯಾಸ ಇವರನ್ನು ಬಿಟ್ಟಿಲ್ಲ. ಲಿಫ್ಟಿನ ಬಲ್ಬು ಹೋದರೆ ಮೊದಲು ಅದು ಹೋಗಿದೆ ಎಂಬುದು ಲಿಖಿತವಾಗಿ ಬರಬೇಕು. ಆಮೇಲೆ ಅದು ಯಾವ ದಿನ ಹೋಯಿತು ಎಂಬ ಚರ್ಚೆ ನಡೆಯುತ್ತದೆ. ಅಷ್ಟರಲ್ಲಿ ಯಾರೋ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು, ತಾವೇ ಬಲ್ಬು ತಂದು ಹಾಕಿರುತ್ತಾರೆ. ಆಗ ಅವರ ಮೇಲೊಂದು ಕಡತ ತೆರೆಯುತ್ತದೆ. ಇಂಥ ಮಹಾನುಭಾವರ ನಡುವೆ ದುಂಡಗಿನ ಅಕ್ಷರದವಳು ಸಿಕ್ಕರೆ ಬಿಡುತ್ತಾರೆಯೇ? ನನ್ನನ್ನು ಸೊಸೈಟಿಯ ಕಾರ್ಯದರ್ಶಿ ಮಾಡಿದರು. ನಾನು ಒಂದೆರಡು ಸಲ ಬೇಡ ಎಂದಂತೆ ಮಾಡಿ, ಹೊಸ ಪೆನ್ನು ಕೊಂಡುಕೊಂಡೆ.

ಮಿಷನ್ನಿನ ವಿಷಯಕ್ಕೆ ಬರುತ್ತೇನೆ. ಎಷ್ಟೋ ವರ್ಷದ ಹಿಂದೆ ಒಂದು ಬೇಸಿಗೆಯ ಆಂಧಿ, ಅಂದರೆ ಈ ಊರಿನ ಧೂಳುಗಾಳಿ, ಸೊಸೈಟಿಯ ನಾಲ್ಕು ಮರಗಳನ್ನು ಕಾರುಗಳ ಮೇಲೆ ಮಲಗಿಸಿತಂತೆ. ಆ ಆವೇಶದಲ್ಲಿ ಆಗಿನ ಕಾರ್ಯದರ್ಶಿ ಒಂದು ಚೈನ್ ಸಾ ಕೊಂಡುಬಿಟ್ಟರು. ಪೆಟ್ರೋಲ್ ಕುಡಿಯುವ, ಹಗ್ಗ ಎಳೆದರೆ ಗುಡುಗುವ, ಕಿತ್ತಳೆ ಬಣ್ಣದ ಗರಗಸ. ನಾನು ಬರುವ ಹೊತ್ತಿಗೆ ಅದರ ಬಣ್ಣ ಎಲ್ಲಿ, ತುಕ್ಕು ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಅದನ್ನು ಓಡಿಸಬಲ್ಲವನು ನಮ್ಮ ಮಾಲಿ ರಾಮ್‌ಪಾಲ್ ಒಬ್ಬನೇ. ಅವನು ಚಪ್ಪಲಿ ಬಿಟ್ಟು, ಮಿಷನ್ನಿಗೆ ಕೈ ಮುಗಿದು, ಹಗ್ಗವನ್ನು ಏಳೆಂಟು ಸಲ ಎಳೆದರೆ ಅದು ಕೆಮ್ಮಿ, ಕ್ಯಾಕರಿಸಿ, ಹೊರಡುತ್ತಿತ್ತು. ಈ ಏಪ್ರಿಲ್‌ನಲ್ಲಿ ಅವನು ಐವತ್ತು ಸಲ ಎಳೆದರೂ ಅದು ಕೆಮ್ಮಲಿಲ್ಲ.

“ಬುಡ್ಢಾ ಹೋ ಗಯಾ, ಮೇಡಂ” ಎಂದ ರಾಮ್‌ಪಾಲ್. ಮುದುಕನಾಗಿಬಿಟ್ಟ ಎಂದು ಅವನು ಹೇಳಿದ್ದು ಮಿಷನ್ನಿನ ಬಗ್ಗೆಯೇ ಆದರೂ, ಸುತ್ತ ನಿಂತಿದ್ದ ನಮ್ಮ ಕಮಿಟಿಯವರೆಲ್ಲ ಸ್ವಲ್ಪ ನೆಟ್ಟಗೆ ನಿಂತುಕೊಂಡರು.

ಅದು ಓಡಲೇಬೇಕಾಗಿತ್ತು. ಏಕೆಂದರೆ ಗೇಟಿನ ಬಳಿಯ ನೇರಳೆಮರದ ಒಂದು ದೊಡ್ಡ ಕೊಂಬೆ ಪೂರ್ತಿ ಒಣಗಿ, ಬುಡದಲ್ಲಿ ಸೀಳು ಬಿಟ್ಟು, ತೂಗುತ್ತಿತ್ತು. ಅದರ ನೇರ ಕೆಳಗೆ ಕಮಲೇಶಳ ಇಸ್ತ್ರಿ ಮೇಜು. ಕಮಲೇಶ ನಮ್ಮ ಕಡೆ ಗಂಡಸಿನ ಹೆಸರು, ಇಲ್ಲಿ ಹೆಂಗಸಿಗೂ ಇಡುತ್ತಾರೆ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ಇಪ್ಪತ್ತು ವರ್ಷದಿಂದ ಅದೇ ಮರದ ಕೆಳಗೆ ನಿಂತಿರುವ ಹೆಂಗಸು ಇವಳು. ಇಡೀ ಸೊಸೈಟಿಯ ಮರ್ಯಾದೆ ಗರಿಗರಿಯಾಗಿ ಉಳಿದಿರುವುದು ಅವಳಿಂದಲೇ. ಜೂನ್, ಜುಲೈ ತಿಂಗಳಲ್ಲಿ ಹಣ್ಣು ಉದುರಿ ಮಾಜಿ ನಿರ್ದೇಶಕರ ಬಿಳಿ ಶರಟಿಗೆ ನೇರಳೆ ಚುಕ್ಕೆ ಬಿದ್ದಾಗ ಮಾತ್ರ ಅವಳ ಮೇಲೆ ದೂರು ಬರುತ್ತಿತ್ತು. ಈಗ ಕೊಂಬೆಯೇ ಉದುರುವ ಹಾಗಿತ್ತು. ಆಂಧಿಯ ದಿನಗಳು ಹತ್ತಿರ ಬರುತ್ತಿದ್ದವು. ಕೊಂಬೆ ಕತ್ತರಿಸಲು ಬೇಕಾದ ಸರಕಾರಿ ಅನುಮತಿ ಆಗಲೇ ಬಂದಿತ್ತು. ಹೌದು, ಬಂದಿತ್ತು, ಅದೂ ಬೇಗ. ಸರಕಾರದ ಕೈಯಿಂದ ಸಲೀಸಾಗಿ ಬಿಡಿಸಿಕೊಂಡು ಬಂದ ಕೆಲಸ ಸಿಕ್ಕಿಬಿದ್ದದ್ದು ಸರಕಾರ ಬಿಟ್ಟು ಬಂದವರ ಕೈಯಲ್ಲಿ.

ರಿಪೇರಿಯೋ, ಹೊಸದೋ? ಪ್ರಶ್ನೆ ಇಷ್ಟೇ. ಮನೆಗಳಲ್ಲಿ ಇದನ್ನು ದಿನಾ ಇತ್ಯರ್ಥ ಮಾಡುತ್ತೇವೆ. ನಾನು ರಿಪೇರಿ ಪಂಗಡದವಳು. ಮದುವೆಯಾದ ಹೊಸತರಲ್ಲಿ ಊರಿನಿಂದ ತಂದ ಮಿಕ್ಸಿ ನನ್ನಲ್ಲಿ ಇನ್ನೂ ಇದೆ. ಅದರ ಜಾರಿನ ಬ್ಲೇಡು ಸವೆದಾಗ ಇಲ್ಲಿನ ಅಂಗಡಿಯವರು, ‘ಈ ಕಂಪನಿ ಇನ್ನೂ ಇದೆಯಾ?’ ಎಂದು ಕೇಳಿದರು. ನಾನು ಛಲ ಬಿಡದೆ, ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಎರಡು ರಾತ್ರಿ ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ಒಯ್ದು ರಿಪೇರಿ ಮಾಡಿಸಿ ತಂದೆ. ಎದುರು ಸೀಟಿನವರು ಮಗು ಮಲಗಿದೆ ಎಂದುಕೊಂಡು ಫ್ಯಾನಿನ ಗಾಳಿ ನನ್ನ ಕಡೆ ತಿರುಗಿಸಿದ್ದರು. ನನ್ನ ಮಗಳು ಅನಘಾ ಹೊಸದರ ಪಂಗಡ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ನೊಯ್ಡಾದಲ್ಲಿ ಕೆಲಸ. “ಅಮ್ಮಾ, ಇಷ್ಟೆಲ್ಲಾ ಯಾಕೆ, ನಯಾ ಲೇ ಲೋ ನಾ. ಆನ್‌ಲೈನ್ ಆರ್ಡರ್ ಮಾಡಿದ್ರೆ ನಾಳೆನೇ ಬರುತ್ತೆ” ಎನ್ನುತ್ತಾಳೆ. ನಮ್ಮಿಬ್ಬರಿಗೂ ಇದರಲ್ಲಿ ಜನ್ಮದ ಜಗಳ. ಆದರೂ ನಾವಿಬ್ಬರೂ ಏನಾದರೊಂದು ಮಾಡುತ್ತೇವೆ. ರಿಪೇರಿಯನ್ನೂ ಮಾಡದೆ, ಹೊಸದನ್ನೂ ಕೊಳ್ಳದೆ ಇರುವ ಮೂರನೆಯ ಪಂಗಡವೊಂದಿದೆ. ಅದು ವಾರಕ್ಕೊಮ್ಮೆ ಸಭೆ ಸೇರುತ್ತದೆ.

ನಮ್ಮ ಸಭೆಯ ಅಧ್ಯಕ್ಷರು ಮಾಥುರ್ ಸಾಹೇಬರು, ಜಂಟಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಮಾತು ಮೆಲ್ಲಗೆ, ನಗೆ ಇನ್ನೂ ಮೆಲ್ಲಗೆ. ಅವರ ಬಲಕ್ಕೆ ಕೂರುವವರು ಬ್ಯಾನರ್ಜಿ ದಾದಾ, ಬದುಕಿಡೀ ಲೆಕ್ಕಪರಿಶೋಧನೆ ಮಾಡಿದವರು, ಬೆಳಗಿನ ವಾಕಿಂಗಿನಲ್ಲೂ ಆಕ್ಷೇಪಣೆ ಎತ್ತಬಲ್ಲವರು. ಉಳಿದವರು ತಲೆಯಾಡಿಸುವವರು. ನಾನು ಬರೆದುಕೊಳ್ಳುವವಳು.

“ಹೊಸದು ಕೊಳ್ಳೋಣ” ಎಂದರು ಮಾಥುರ್ ಸಾಹೇಬರು.

“ಕೊಳ್ಳೋಣ” ಎಂದರು ಬ್ಯಾನರ್ಜಿ ದಾದಾ. “ಆದರೆ ಹಳೆಯದು ಇರುವಾಗ ಹೊಸದು ಹೇಗೆ ಕೊಳ್ಳುತ್ತೀರಿ? ಮೊದಲು ಹಳೆಯದನ್ನು ನಿರುಪಯೋಗಿ ಎಂದು ಘೋಷಿಸಬೇಕು. ಘೋಷಿಸಲು ರಿಪೇರಿಯಾಗುವುದಿಲ್ಲ ಅಂತ ಮೆಕ್ಯಾನಿಕ್‌ನ ಸರ್ಟಿಫಿಕೇಟ್ ಬೇಕು.”

ಎಲ್ಲರ ಮುಖದಲ್ಲೂ ಒಂದು ಕಳೆ ಬಂತು. ಎಷ್ಟೋ ವರ್ಷವಾದ ಮೇಲೆ ತಾಯಿಮನೆಯ ಅಡುಗೆ ಉಂಡವರ ಮುಖ ಹಾಗೆ ಆಗುತ್ತದೆ. ನನಗೂ ಕೈ ತುರಿಸಿತು. ಯಾರೂ ಕೇಳದಿದ್ದರೂ, ಠರಾವಿನ ಕೊನೆಗೆ ನಾನೇ ಒಂದು ವಾಕ್ಯ ಸೇರಿಸಿದೆ: ‘ಸದರಿ ಯಂತ್ರದ ಕುರಿತು ಅಂತಿಮ ತೀರ್ಮಾನವಾಗುವವರೆಗೆ ಅದನ್ನು ಯಾವುದೇ ಸಂದರ್ಭದಲ್ಲಿ ಬಳಸತಕ್ಕದ್ದಲ್ಲ ಹಾಗೂ ಸುರಕ್ಷಿತವಾಗಿ ಬೀಗಮುದ್ರೆಯಲ್ಲಿ ಇಡತಕ್ಕದ್ದು.’ ಇಂಗ್ಲಿಷಿನಲ್ಲಿ ಬರೆದದ್ದು ಇನ್ನೂ ಚೆನ್ನಾಗಿತ್ತು. ಮಾಥುರ್ ಸಾಹೇಬರು ಎರಡು ಸಲ ಓದಿ, “ಅಚ್ಛಾ ಹೈ” ಎಂದರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಸರ್ಟಿಫಿಕೇಟಿಗಾಗಿ ಮಿಷನ್ನನ್ನು ರಾಮ್‌ಪಾಲ್ ಸೈಕಲ್ಲಿನ ಮೇಲೆ ಮಾರುಕಟ್ಟೆಯ ಸಲೀಂ ಭಯ್ಯಾನ ಅಂಗಡಿಗೆ ಒಯ್ದ. ಜನರೇಟರು, ಹುಲ್ಲು ಕತ್ತರಿಸುವ ಮಿಷನ್ನು ಎಲ್ಲಕ್ಕೂ ಅವನೇ ವೈದ್ಯ. ಮರುದಿನ ಸಂಜೆ ಸಲೀಂ ತಾನೇ ಅದನ್ನು ಹೊತ್ತು ತಂದು ಪಾರ್ಕಿಂಗಿನಲ್ಲಿ ಇಟ್ಟ. ಒಂದೇ ಒಂದು ಸಲ ಹಗ್ಗ ಎಳೆದ. ಮಿಷನ್ನು ಗುಡುಗಿತು. ಮೂರನೇ ಮಹಡಿಯಲ್ಲಿ ಪಾರಿವಾಳಗಳು ಹಾರಿದವು. ರಾಮ್‌ಪಾಲ್ ನಾಚಿಕೊಂಡು ನಕ್ಕ.

“ಇದಕ್ಕೇನೂ ಆಗಿರಲಿಲ್ಲ, ಮೇಡಂ” ಎಂದ ಸಲೀಂ. “ಪೆಟ್ರೋಲ್ ತುಂಬಿಯೇ ಚಳಿಗಾಲ ಪೂರ್ತಿ ಇಟ್ಟುಬಿಟ್ಟಿದ್ದಾರೆ. ಒಳಗೆ ಗೋಂದಿನ ಹಾಗೆ ಕಟ್ಟಿಕೊಂಡಿತ್ತು. ತೊಳೆದೆ, ಪ್ಲಗ್ ಬದಲಾಯಿಸಿದೆ, ಸರಪಳಿಗೆ ಸಾಣೆ ಹಿಡಿದೆ. ಇನ್ನೂ ಐದು ವರ್ಷ ಓಡುತ್ತೆ.”

“ಸರ್ಟಿಫಿಕೇಟ್?” ಎಂದರು ಬ್ಯಾನರ್ಜಿ ದಾದಾ.

ಓಡುವ ಮಿಷನ್ನಿಗೆ ಓಡುವುದಿಲ್ಲ ಅಂತ ಹೇಗೆ ಬರೆದುಕೊಡಲಿ ಎಂದು ಸಲೀಂ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ದಾದಾ ಅದಕ್ಕಿಂತ ದೊಡ್ಡ ಪ್ರಶ್ನೆ ಹಿಡಿದಿದ್ದರು. ನಾವು ಕಳಿಸಿದ್ದು ಸರ್ಟಿಫಿಕೇಟಿಗೆ. ರಿಪೇರಿಗೆ ಮಂಜೂರಾತಿ ಕೊಟ್ಟವರು ಯಾರು? ಮಂಜೂರಾತಿಯಿಲ್ಲದೆ ಆದ ರಿಪೇರಿಯನ್ನು ಸಭೆ ಒಪ್ಪಿಕೊಳ್ಳಬಹುದೇ? ಒಪ್ಪದಿದ್ದರೆ ಮಿಷನ್ನು ಕೆಟ್ಟಿದೆ ಎಂದೇ ಲೆಕ್ಕ. ಆದರೆ ಓಡುತ್ತಿರುವುದರಿಂದ ಕೆಟ್ಟಿದೆ ಎಂದು ಘೋಷಿಸುವ ಹಾಗೂ ಇಲ್ಲ. ಎರಡು ಗಂಟೆ ಚರ್ಚೆಯಾಗಿ, ವಿಷಯವನ್ನು ಮುಂದಿನ ಸಭೆಗೆ ಇಟ್ಟೆವು. ಅಲ್ಲಿಯವರೆಗೆ ನನ್ನ ಆ ಸುಂದರ ವಾಕ್ಯ ಜಾರಿಯಲ್ಲಿತ್ತು. ಮಿಷನ್ನನ್ನು ಆಫೀಸಿನ ಕಬ್ಬಿಣದ ಬೀರುವಿನೊಳಗೆ ಇಟ್ಟು, ಬೀಗ ಹಾಕಿ, ಬೀಗದ ಮೇಲೆ ಒಂದು ಚೀಟಿ ಅಂಟಿಸಿ, ಮಾಥುರ್ ಸಾಹೇಬರು, ದಾದಾ, ನಾನು ಮೂವರೂ ಸಹಿ ಮಾಡಿದೆವು. ಇಡೀ ಸೊಸೈಟಿಯಲ್ಲಿ ಮಂಡಿ ನೋವಿಲ್ಲದೆ ಪೂರ್ಣ ಆರೋಗ್ಯದಿಂದಿದ್ದ ಒಂದೇ ಒಂದು ಜೀವವನ್ನು ಹೀಗೆ ಒಳಗೆ ಹಾಕಿದೆವು.

ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ ಒಬ್ಬ ರಾಜನ ಕಥೆ ನೆನಪಾಗುತ್ತದೆ. ಬೇಡಿ ಬಂದವರಿಗೆ ತನ್ನ ದೇಹದ ಬಲಭಾಗವನ್ನು ಕೊಡುತ್ತೇನೆಂದು ಒಪ್ಪಿ, ಹೆಂಡತಿ ಮಗನ ಕೈಗೇ ಗರಗಸ ಕೊಟ್ಟು, ಸೀಳಿ ಎಂದು ಕೂತವನು. ಆಗ ಅವನ ಎಡಗಣ್ಣಿನಲ್ಲಿ ನೀರು ಬಂತಂತೆ. ಅಳುತ್ತಾ ಕೊಟ್ಟ ದಾನ ನಮಗೆ ಬೇಡ ಎಂದರಂತೆ ಬಂದವರು. ರಾಜ ಹೇಳಿದ, ನೋವಿಗಲ್ಲ, ಬಲಭಾಗ ಉಪಯೋಗಕ್ಕೆ ಬಂತು, ತಾನು ಬರಲಿಲ್ಲವಲ್ಲ ಎಂದು ಎಡಭಾಗ ಅಳುತ್ತಿದೆ. ಹರಿಕಥೆಯಲ್ಲಿ ಈ ಜಾಗಕ್ಕೆ ಬಂದಾಗ ನನ್ನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಾನು ಗರಗಸದ ಹಲ್ಲು ಎಷ್ಟಿದ್ದಿರಬಹುದು ಎಂದು ಯೋಚಿಸುತ್ತಿದ್ದೆ. ಆ ಕಾಲದಲ್ಲಿ ಕಮಿಟಿ ಇರಲಿಲ್ಲ. ಇದ್ದಿದ್ದರೆ ಗರಗಸ ಹೊರಗೆ ಬರುವಷ್ಟರಲ್ಲಿ ಬೇಡಲು ಬಂದವರು ಬೇಸತ್ತು ಹೋಗಿ, ರಾಜ ಎರಡೂ ಭಾಗಗಳೊಂದಿಗೆ ವೃದ್ಧಾಪ್ಯ ಕಳೆಯುತ್ತಿದ್ದ. ಬೀರುವಿನ ಮುಂದೆ ಹಾದು ಹೋಗುವಾಗೆಲ್ಲ ಒಳಗೆ ಏನೋ ಎಡಗಣ್ಣಿನಲ್ಲಿ ಅಳುತ್ತಿದೆ ಎನ್ನಿಸಿ, ನಾನು ಬೇಗ ಬೇಗ ನಡೆಯುತ್ತಿದ್ದೆ.

ಕಮಲೇಶ ದಿನಾ ಕೇಳುತ್ತಿದ್ದಳು, “ಆಂಟೀಜಿ, ಮಷೀನ್ ಠೀಕ್ ಹುವಾ?”

ಸರಿಹೋಗಿದೆ ಎಂದೆ ಒಂದು ದಿನ.

“ಹಾಗಾದರೆ ಕೊಂಬೆ ಕತ್ತರಿಸುತ್ತೀರಾ?”

ಇನ್ನೂ ಇಲ್ಲ, ಅದು ಪರಿಶೀಲನೆಯಲ್ಲಿದೆ ಎಂದೆ. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನನ್ನನ್ನು ನೋಡಿದಳು. ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದುಕೊಟ್ಟ ಕೈ ಇದು, ಒಬ್ಬ ಇಸ್ತ್ರಿಯವಳಿಗೆ ನಾಲ್ಕು ಮಾತಿನ ಉತ್ತರ ಕೊಡಲಾರದೆ ಕೈಚೀಲ ಸರಿಪಡಿಸಿಕೊಂಡಿತು. ಸಭೆಗೆ ಈ ವಿಷಯ ಹೇಳಿದಾಗ, ತೀರ್ಮಾನವಾಗುವವರೆಗೆ ಅವಳು ಮೇಜನ್ನು ಬೇರೆಡೆ ಹಾಕಿಕೊಳ್ಳಲಿ ಎಂದು ನಿರ್ಧರಿಸಿದರು. ಎರಡು ದಿನ ಅವಳು ಪಂಪ್‌ಹೌಸಿನ ಗೋಡೆಯ ಪಕ್ಕ ನಿಂತಳು. ಮೇ ತಿಂಗಳ ದೆಹಲಿ, ನೆತ್ತಿಯ ಮೇಲೆ ಸೂರ್ಯ, ಕೈಯಲ್ಲಿ ಕೆಂಡ. ಮೂರನೆಯ ದಿನ ತಲೆ ಸುತ್ತಿ ಕೂತವಳು, ಮೇಜನ್ನು ಎಳೆದುಕೊಂಡು ಮರದ ಕೆಳಗೇ ವಾಪಸ್ ಬಂದಳು. ಕೊಂಬೆ ಬಿದ್ದರೆ ಒಂದು ದಿನ ಸಾಯುತ್ತೇನೆ, ಅಲ್ಲಿ ದಿನಾ ಸಾಯಬೇಕು ಎಂದಳಂತೆ ಗಾರ್ಡ್‌ನ ಹತ್ತಿರ. ನಾವು ಅದನ್ನು ಸಭೆಯ ನಡಾವಳಿಯಲ್ಲಿ ‘ಸೂಚನೆಯ ಉಲ್ಲಂಘನೆ’ ಎಂದು ದಾಖಲಿಸಿದೆವು. ಬರೆದವಳು ನಾನೇ.

ಒಂದು ಮಧ್ಯಾಹ್ನ ಸಣ್ಣ ಗಾಳಿ ಎದ್ದಿತು. ಆಂಧಿಯೂ ಅಲ್ಲ, ಅದರ ಮುನ್ಸೂಚನೆ ಅಷ್ಟೇ. ದೊಡ್ಡ ಕೊಂಬೆ ಅಲುಗಾಡಿ, ಅದರ ತುದಿಯ ಒಂದು ಟೊಂಗೆ, ನನ್ನ ತೋಳಿನಷ್ಟು ದಪ್ಪದ್ದು, ಮುರಿದು ಮೇಜಿನ ಮೇಲೆ ಬಿತ್ತು. ಕಮಲೇಶ ಆಗಷ್ಟೇ ಇದ್ದಿಲು ಊದಲು ಪಕ್ಕಕ್ಕೆ ಬಗ್ಗಿದ್ದಳು. ಮೇಜಿನ ಮೇಲಿದ್ದದ್ದು ನನ್ನ ಇಳಕಲ್ ಸೀರೆ. ಟೊಂಗೆಯ ಮೊನೆ ಸೀರೆಯನ್ನು ಮಡಿಕೆಯ ಸಮೇತ ತೂತು ಮಾಡಿತ್ತು. ಬಿಚ್ಚಿ ನೋಡಿದರೆ ಒಂದೇ ಅಳತೆಯ ಎಂಟು ತೂತು.

ಸಂಜೆ ಅವಳು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. “ಆಂಟೀಜಿ, ತಪ್ಪಾಯಿತು. ರಫೂ ಮಾಡಿಸಿಕೊಡುತ್ತೇನೆ. ಗೊತ್ತೇ ಆಗುವುದಿಲ್ಲ, ಹಾಗೆ ಹೊಲಿಯುವವರು ನಮ್ಮ ಗಲ್ಲಿಯಲ್ಲಿದ್ದಾರೆ.”

ನನಗೆ ನಾಚಿಕೆಯಾಯಿತು. ಅದಕ್ಕೆ ಬೇರೆ ಒಳ್ಳೆಯ ಪದ ಹುಡುಕಬಹುದು, ಹುಡುಕುವುದಿಲ್ಲ. ಎರಡು ಗೇಣು ಆಚೆ ಬಿದ್ದಿದ್ದರೆ ಆ ಮೊನೆ ಎಲ್ಲಿ ಇಳಿಯುತ್ತಿತ್ತೋ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ತಪ್ಪಾಯಿತು ಎಂದು ಅವಳು ನನಗೆ ಹೇಳುತ್ತಿದ್ದಳು. ಸೀರೆಯನ್ನು ರಿಪೇರಿ ಮಾಡಿಸುವುದೋ ಹೊಸದು ಕೊಳ್ಳುವುದೋ ಎಂದು ಅವಳು ಒಂದು ನಿಮಿಷವೂ ಯೋಚಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ನಾನು ಆಫೀಸಿಗೆ ಹೋದೆ. ಬೀಗದ ಕೈ ಕಾರ್ಯದರ್ಶಿಯ ಬಳಿಯೇ ಇರುತ್ತದೆ, ಅದು ನಿಯಮ. ಚೀಟಿಯ ಮೇಲೆ ಮೂರು ಸಹಿ, ಮೂರನೆಯದು ನನ್ನದು, ಎಲ್ಲಕ್ಕಿಂತ ದುಂಡಗೆ. ಅದರ ಅಂಚಿಗೆ ಉಗುರು ಹಾಕಿದೆ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ಯದವಳು ನಾನು. ಚರ್ರ್ ಎಂದು ಚೀಟಿ ಹರಿಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ರಾಮ್‌ಪಾಲ್ ಚಪ್ಪಲಿ ಬಿಟ್ಟು, ಕೈ ಮುಗಿದು, ಮಿಷನ್ನು ತೆಗೆದುಕೊಂಡ.

ಗಾರ್ಡ್ ಏಣಿ ಹಿಡಿದ. ಕೊಂಬೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕಮಲೇಶ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿದುಕೊಂಡಳು. ಅವಳ ಹಿಂದೆ ನಾನೂ ಹಿಡಿದೆ, ಹೆಚ್ಚು ಉಪಯೋಗವಿರಲಿಲ್ಲ. ಮಿಷನ್ನು ಒಂದೇ ಎಳೆತಕ್ಕೆ ಗುಡುಗಿತು. ಹತ್ತು ನಿಮಿಷದಲ್ಲಿ ಕೊಂಬೆ ನೆಲದ ಮೇಲಿತ್ತು. ಎರಡು ತಿಂಗಳು, ಏಳು ಸಭೆ, ಹದಿನಾಲ್ಕು ಪುಟದ ಟಿಪ್ಪಣಿಯ ಕೆಲಸ. ತಲೆಯೆತ್ತಿ ನೋಡಿದರೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಮಾಥುರ್ ಸಾಹೇಬರು ಚಹಾದ ಕಪ್ಪು ಹಿಡಿದು ನಿಂತಿದ್ದರು. ನಾನು ನೋಡಿದ ಕೂಡಲೇ ಅವರು ತುಳಸಿಗಿಡದ ಒಣಗಿದ ಎಲೆಗಳನ್ನು ಬಹಳ ಶ್ರದ್ಧೆಯಿಂದ ಕೀಳತೊಡಗಿದರು.

ಭಾನುವಾರ ಸಭೆ. ನಾನು ರಾಜೀನಾಮೆ ಪತ್ರ ಬರೆದುಕೊಂಡು ಹೋಗಿದ್ದೆ. ಅದೂ ಚೆನ್ನಾಗಿ ಬಂದಿತ್ತು. ಮೊದಲ ವಿಷಯವಾಗಿ ನೇರಳೆ ಕೊಂಬೆ ಬಂತು.

“ಕೊಂಬೆ ಕಾಣುತ್ತಿಲ್ಲ” ಎಂದರು ಯಾರೋ.

“ಆ ದಿನ ಗಾಳಿ ಬಂದಿತ್ತಲ್ಲ” ಎಂದರು ಮಾಥುರ್ ಸಾಹೇಬರು ಮೆಲ್ಲಗೆ. “ಬರೆದುಕೊಳ್ಳಿ ಮೇಡಂ, ಗಾಳಿಗೆ ಬಿದ್ದಿದೆ ಎಂದು ತಿಳಿದುಬಂದಿದೆ.”

ಬ್ಯಾನರ್ಜಿ ದಾದಾ ಕನ್ನಡಕ ಒರೆಸಿಕೊಂಡರು. ನಾನು ಕೈಚೀಲದೊಳಗಿನ ಪತ್ರಕ್ಕೆ ಕೈ ಹಾಕಿದೆ. ಸೀಳಿ ಬಿದ್ದ ಕೊಂಬೆಗೂ ಕೊಯ್ದು ಇಳಿಸಿದ ಕೊಂಬೆಗೂ ವ್ಯತ್ಯಾಸ ತಿಳಿಯದವರಲ್ಲ ಅವರು. ದಿನಾ ಬೆಳಿಗ್ಗೆ ಆ ಮರಕ್ಕೆ ಮೂರು ಸುತ್ತು ಹಾಕುತ್ತಾರೆ. “ಹಾಗಾದರೆ ಮಿಷನ್ನಿನ ಅಗತ್ಯವೇ ಸದ್ಯಕ್ಕೆ ಸಾಬೀತಾಗುವುದಿಲ್ಲ” ಎಂದರು. “ರಿಪೇರಿಯೋ ಹೊಸದೋ ಎಂಬ ವಿಷಯ ಪರಿಶೀಲನೆಯಲ್ಲೇ ಇರಲಿ.” ಎಲ್ಲರೂ ತಲೆಯಾಡಿಸಿದರು. ರಾಜೀನಾಮೆ ಪತ್ರವನ್ನು ನಾನು ಕೈಚೀಲದಲ್ಲೇ ಇಟ್ಟುಕೊಂಡೆ. ಇವರಿಗೆ ಕಣ್ಣು ಕಾಣುವುದಿಲ್ಲವೋ, ಅಥವಾ ನಾನೊಬ್ಬಳೇ ದಡ್ಡಿಯೋ ಎಂದು ಯೋಚಿಸುತ್ತಾ ಮನೆಗೆ ಬಂದೆ.

ಸಂಜೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಬ್ಯಾನರ್ಜಿ ದಾದಾ ನಿಂತಿದ್ದರು, ಮೈಮೇಲೆ ಕಮಲೇಶ ಇಸ್ತ್ರಿ ಮಾಡಿದ ಬಿಳಿ ಕುರ್ತಾ. ಒಳಗೆ ಬರಲಿಲ್ಲ. ಜೇಬಿನಿಂದ ಒಂದು ಲಕೋಟೆ ತೆಗೆದು ಕೈಗಿಟ್ಟರು.

“ಬೀರುವಿನ ಮೇಲಿನ ಚೀಟಿ ಬಿದ್ದುಹೋಗಿದೆ ಅಂತ ನೋಡಿದೆ” ಎಂದರು. “ಈ ಬಿಸಿಲಿಗೆ ಗೋಂದು ನಿಲ್ಲೋದಿಲ್ಲ, ಮೇಡಂ. ಪದೇ ಪದೇ ಬೀಳುತ್ತೆ. ಪ್ರತಿ ಸಲ ಮೂರು ಜನರನ್ನು ಎಲ್ಲಿ ಹುಡುಕುತ್ತೀರಿ?”

ಲಕೋಟೆಯಲ್ಲಿ ಹತ್ತು ಚೀಟಿಗಳಿದ್ದವು. ಪ್ರತಿಯೊಂದರಲ್ಲೂ ಅವರ ಸಹಿ, ಮಾಥುರ್ ಸಾಹೇಬರ ಸಹಿ. ಮೂರನೆಯ ಜಾಗ ಮಾತ್ರ ಖಾಲಿ. ದಿನಾಂಕ ಹಾಕಿರಲಿಲ್ಲ.

ಅದೆಲ್ಲ ಆಗಿ ಬೇಸಿಗೆ ಕಳೆಯಿತು, ಮಳೆ ಬಂದು ಹೋಯಿತು. ಕಮಲೇಶ ಮರದ ಕೆಳಗಿದ್ದಾಳೆ. ನನ್ನ ಇಳಕಲ್ ಸೀರೆಯ ಎಂಟು ತೂತುಗಳನ್ನು ಅವಳ ಗಲ್ಲಿಯವರು ಎಷ್ಟು ನಾಜೂಕಾಗಿ ಹೊಲಿದಿದ್ದಾರೆಂದರೆ, ಎಲ್ಲಿದ್ದವು ಎಂದು ನಾನೇ ಹುಡುಕಬೇಕು. ಕಡತದ ಪ್ರಕಾರ ಗರಗಸವನ್ನು ರಿಪೇರಿ ಮಾಡಿಸಬೇಕೋ, ಹೊಸದು ಕೊಳ್ಳಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ಅದನ್ನು ಯಾವುದೇ ಸಂದರ್ಭದಲ್ಲಿ ಬಳಸತಕ್ಕದ್ದಲ್ಲ. ನನ್ನ ಮೇಜಿನ ಖಾನೆಯಲ್ಲಿ ಹತ್ತು ಚೀಟಿಗಳ ಪೈಕಿ ಈಗ ಆರು ಉಳಿದಿವೆ.